ಆರ್ಟ್ ಡೆಕೋ ಶೈಲಿಯಲ್ಲಿ ಕಂಪನಿ ಟೀ ಶರ್ಟ್

ನಮ್ಮ ಕಂಪನಿಯ ಟೀ ಶರ್ಟಿಗೆ ನಾನು ಆರಿಸಿಕೊಂಡದ್ದು ಆರ್ಟ್ ಡೆಕೋ, 1925ರ ಪ್ಯಾರಿಸ್ ಅಲಂಕಾರ ಕಲೆಗಳ ಪ್ರದರ್ಶನದಿಂದ ಹೆಸರು ಪಡೆದ ವಿನ್ಯಾಸ ಶೈಲಿ. ನೀವೂ ಒಂದೇ ಕಾಲಘಟ್ಟ ಹಿಡಿಯಿರಿ, ನಾಲ್ಕನ್ನು ಬೆರೆಸಬೇಡಿ. ಆ ಕಾಲದ ಪೋಸ್ಟರು, ಕಟ್ಟಡಗಳನ್ನು ಕಣ್ತುಂಬ ನೋಡಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ತುದಿ: ಒಂದರ ಮೇಲೊಂದು ಏರುವ ಕಮಾನುಗಳು, ಅವುಗಳೊಳಗೆ ತ್ರಿಕೋನ ಕಿಟಕಿಗಳು. ಕಟ್ಟಡವನ್ನೇ ನಕಲು ಮಾಡದೆ ಆ ಏರಿಕೆಯನ್ನಷ್ಟೇ ತೆಗೆದುಕೊಂಡು, ಬುಡದಲ್ಲಿ ಲೋಗೋ ಕೂರಿಸಿದೆ. ಕಪ್ಪು ಬಟ್ಟೆ, ಹೊನ್ನಿನ ಬಣ್ಣದ ಒಂದೇ ಶಾಯಿ.

ಗೆರೆಗಳ ಬಗ್ಗೆ ಎಚ್ಚರ. ಕಂಪ್ಯೂಟರಿನಲ್ಲಿ ಚೂಪಾಗಿ ಕಂಡ ಕೂದಲೆಳೆ ಗೆರೆಗಳು ಸ್ಕ್ರೀನ್ ಪ್ರಿಂಟಿನಲ್ಲಿ ಅಲ್ಲಲ್ಲಿ ತುಂಡಾದವು. ತ್ರಿಕೋನಗಳ ನಡುವಿನ ಸಂದುಗಳನ್ನು ಶಾಯಿ ಹರಡಿ ಮುಚ್ಚಿಬಿಟ್ಟಿತು. ಎರಡನ್ನೂ ಒಂದು ಮಿಲಿಮೀಟರಿಗೆ ಹಿಗ್ಗಿಸಿದ ಮೇಲೆ ಸರಿಹೋಯಿತು. 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ ತೂಗುವ) ಹತ್ತಿಯ ಒಂದು ಸ್ಯಾಂಪಲ್ ಮಾಡಿಸಿ, ಐದು ಸಲ ಒಗೆದು, ಹಾಕಿಕೊಂಡು ನೋಡಿ. ಆಮೇಲೆ ಆರ್ಡರ್ ಕೊಡಿ.