ಮಳೆಯ ಲೆಕ್ಕ ರೈತರಿಗೆ ಮುಟ್ಟುವಂತೆ ಹೇಳುವುದು ಹೇಗೆ?

ಮಳೆಮಾಪಕದ ದಾಖಲೆ, ಮುನ್ಸೂಚನೆಯ ಶೇಕಡಾವಾರು ಇವನ್ನೆಲ್ಲ ಊರಿನ ಸಭೆಯಲ್ಲಿ ವಿವರಿಸಬೇಕಾದವರು ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಬೇಕು: ಕೇಳುವವರು ಈ ವಾರ ಯಾವ ಕೆಲಸದ ಬಗ್ಗೆ ತೀರ್ಮಾನ ಮಾಡಬೇಕಾಗಿದೆ? ಬಿತ್ತನೆಯೋ, ಮೇಲುಗೊಬ್ಬರವೋ, ಔಷಧಿ ಸಿಂಪಡಣೆಯೋ, ಕೊಯ್ಲೋ? ಆ ಕೆಲಸಕ್ಕೆ ಬೇಡದ ಅಂಕಿ ಎಷ್ಟೇ ಕಷ್ಟಪಟ್ಟು ತೆಗೆದದ್ದಾದರೂ ಸಭೆಗೆ ಒಯ್ಯಬೇಡಿ.

ಮೊದಲು ಅಳತೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆಯಾದರೆ ಅದು ಒಂದು ಲೀಟರ್ ನೀರು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಹಾಗಾಗಿ ಒಂದು ಮಿ.ಮೀ. ಮಳೆಗೆ ಗುಂಟೆಗೆ ನೂರು ಲೀಟರ್, ಎಕರೆಗೆ ನಾಲ್ಕು ಸಾವಿರ ಲೀಟರ್. 20 ಮಿ.ಮೀ. ಬಂದಿದೆ ಎನ್ನುವಾಗ ‘ಎಕರೆಗೆ 80,000 ಲೀಟರ್, ಅಂದರೆ ಐದು ಸಾವಿರ ಲೀಟರಿನ ಹದಿನಾರು ಟ್ಯಾಂಕರ್’ ಎಂದೂ ಸೇರಿಸಿ. ಇದು ಬಿದ್ದ ನೀರು, ಇಂಗಿದ ನೀರಲ್ಲ. ಅಷ್ಟೇ ಮಳೆ ಅರ್ಧ ಗಂಟೆಯಲ್ಲಿ ಸುರಿದರೆ ಇಳಿಜಾರಿನ ಹೊಲದಲ್ಲಿ ಹರಿದುಹೋಗುತ್ತದೆ, ರಾತ್ರಿಯಿಡೀ ಜಿನುಗಿದರೆ ಹದವಾಗುತ್ತದೆ. ಎಷ್ಟು ಹೊತ್ತು ಬಂತು ಎನ್ನುವುದನ್ನೂ ಹೇಳಲೇಬೇಕು. ಅಳೆದು ತೋರಿಸುವುದಾದರೆ ನೇರ ಗೋಡೆಯ ಪಾತ್ರೆಯೇ ಆಗಬೇಕು. ಬಕೆಟ್ಟಿಗೆ ಬಾಯಿ ಅಗಲ, ತಳ ಕಿರಿದು; ಅದರಲ್ಲಿ ಮಳೆ ನಿಜಕ್ಕಿಂತ ಹೆಚ್ಚು ಕಾಣುತ್ತದೆ.

ನಂತರ ಕಾಲ. ಜೂನ್, ಜುಲೈ ಎಂದು ತಿಂಗಳುವಾರು ಕೊಟ್ಟ ಪಟ್ಟಿ ಕಚೇರಿಗೆ ಸರಿ. ‘ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ’ ಎನ್ನುವ ಊರಿನಲ್ಲಿ ಲೆಕ್ಕ ನಡೆಯುವುದು ಮಳೆ ನಕ್ಷತ್ರದ ಮೇಲೆ. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ. ಆರಿದ್ರಾ ಜೂನ್ 22ರ ಆಸುಪಾಸಿಗೆ ಹುಟ್ಟಿ ಜುಲೈ ಮೊದಲ ವಾರದವರೆಗೆ ಇರುವುದರಿಂದ ತಿಂಗಳ ಪಟ್ಟಿಯಲ್ಲಿ ಎರಡು ಹೋಳಾಗಿ ಕಳೆದುಹೋಗುತ್ತದೆ. ಪಂಚಾಂಗ ಮುಂದಿಟ್ಟುಕೊಂಡು ದಿನವಾರು ದಾಖಲೆಯನ್ನು ನಕ್ಷತ್ರವಾರು ಕೂಡಿಸಿಕೊಳ್ಳಿ. ಸ್ಪ್ರೆಡ್‌ಶೀಟಿನಲ್ಲಿ ಅರ್ಧ ದಿನದ ಕೆಲಸ. ಸಭೆಯಲ್ಲಿ ಅದರಷ್ಟು ಬೆಲೆಬಾಳುವ ಕೆಲಸ ಇನ್ನೊಂದಿಲ್ಲ.

ಸರಾಸರಿಯ ವಿಷಯದಲ್ಲಿ ಎಚ್ಚರ. ಏಳು ದಿನದಲ್ಲಿ ಆರು ದಿನ ಒಣಗಿ, ಒಂದೇ ದಿನ 84 ಮಿ.ಮೀ. ಸುರಿದರೂ ದಿನದ ಸರಾಸರಿ 12 ಮಿ.ಮೀ. ಬರುತ್ತದೆ. ಪೈರಿಗೆ ಆ 12 ಎಂದೂ ಸಿಕ್ಕಿರುವುದಿಲ್ಲ. ಒಟ್ಟು ಮಳೆಯ ಜೊತೆ ಮಳೆ ದಿನಗಳೆಷ್ಟು (2.5 ಮಿ.ಮೀ. ಅಥವಾ ಹೆಚ್ಚು ಬಂದ ದಿನ), ನಡುವೆ ಅತಿ ಉದ್ದದ ಬಿಡುವು ಎಷ್ಟು ದಿನ ಎಂಬ ಎರಡು ಅಂಕಿ ಕೊಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಾಡಿಕೆಗಿಂತ ಶೇ. 19ರಷ್ಟು ಕಡಿಮೆಯಾದರೂ ‘ಸಾಮಾನ್ಯ’, ಶೇ. 20 ಆದರೆ ‘ಕೊರತೆ’. ಪೈರಿಗೆ ಈ ಗೆರೆ ತಿಳಿಯದು, ಆದ್ದರಿಂದ ಹೆಸರಿಗಿಂತ ಮಿ.ಮೀ. ಮುಂದಿಡಿ. ಜನವರಿಯಲ್ಲಿ 2 ಮಿ.ಮೀ. ವಾಡಿಕೆ ಇರುವ ಕಡೆ 6 ಬಂದರೆ ‘ಶೇ. 200 ಹೆಚ್ಚು’ ಎನ್ನುವುದು ಲೆಕ್ಕಕ್ಕೆ ಸರಿ, ಹೊಲಕ್ಕೆ ಏನೂ ಅಲ್ಲ.

ಹೆಚ್ಚು ಎಡವುವುದು ಸಂಭವನೀಯತೆಯಲ್ಲಿ. ‘ನಾಳೆ ಮಳೆ ಸಾಧ್ಯತೆ ಶೇ. 70’ ಎಂದರೆ ತಾಲ್ಲೂಕಿನ ಶೇ. 70 ಭಾಗದಲ್ಲಿ ಮಳೆ ಎಂದೋ, ದಿನದ ಅಷ್ಟು ಹೊತ್ತು ಮಳೆ ಎಂದೋ ಜನ ತಿಳಿಯುತ್ತಾರೆ. ಹೀಗೆ ಹೇಳಿ ಕಳಿಸಿದ ದಿನಗಳನ್ನು ಕೂಡಿಹಾಕಿದರೆ, ಹತ್ತರಲ್ಲಿ ಸುಮಾರು ಏಳು ದಿನ ಮಳೆ ಬರುತ್ತದೆ, ಮೂರು ದಿನ ಬರುವುದಿಲ್ಲ ಎಂಬುದು ಅದರ ಅರ್ಥ. ತೋರಿಸುವ ದಾರಿ ಸುಲಭ. ಹತ್ತು ಹುಣಸೆ ಬೀಜ ತನ್ನಿ. ಚೌಕಾಬಾರಕ್ಕೆ ತೇಯುವಂತೆ ಏಳನ್ನು ತೇದು ಬಿಳಿ ಮಾಡಿ, ಮೂರನ್ನು ಹಾಗೇ ಬಿಡಿ. ಚೀಲಕ್ಕೆ ಹಾಕಿ, ಸಭೆಯವರಿಂದಲೇ ಒಂದೊಂದಾಗಿ ತೆಗೆಸಿ. ತೆಗೆದ ಬೀಜವನ್ನು ಪ್ರತಿ ಸಲವೂ ಮರಳಿ ಹಾಕಿ ಕುಲುಕಬೇಕು. ಇದನ್ನು ಮರೆತರೆ ಹತ್ತನೆಯ ಸಲಕ್ಕೆ ಚೀಲ ಖಾಲಿಯಾಗಿ ಯಾವಾಗಲೂ ಏಳೇ ಬಿಳಿ ಬರುತ್ತದೆ, ಮುನ್ಸೂಚನೆ ಎಂದರೆ ಗ್ಯಾರಂಟಿ ಎಂಬ ತಪ್ಪು ಪಾಠ ಉಳಿಯುತ್ತದೆ. ಸರಿಯಾಗಿ ಮಾಡಿದರೆ ಹತ್ತು ಸಲಕ್ಕೆ ಐದೂ ಬರಬಹುದು, ಒಂಬತ್ತೂ ಬರಬಹುದು. ನಿಖರವಾಗಿ ಏಳು ಬರುವುದು ನೂರು ಆಟಗಳಲ್ಲಿ ಸುಮಾರು 27ರಲ್ಲಿ ಮಾತ್ರ. ಆದ್ದರಿಂದ ಹತ್ತಕ್ಕೆ ನಿಲ್ಲಿಸದೆ ನಲವತ್ತು ಸಲ ತೆಗೆಸಿ, ಹಲಗೆಯ ಮೇಲೆ ಗೆರೆ ಹಾಕುತ್ತಾ ಹೋಗಿ.

ಬೀಜದ ಆಟ ಮುಗಿದ ಮೇಲೆ ಮಾತು ಕೆಲಸಕ್ಕೆ ಬರಲಿ. ಔಷಧಿ ಹೊಡೆಯುವವರಿಗೆ ಶೇ. 30 ಸಾಧ್ಯತೆಯೂ ಒಂದು ದಿನ ತಡೆಯಲು ಸಾಕಾಗಬಹುದು, ಏಕೆಂದರೆ ತೊಳೆದುಹೋದರೆ ದುಡ್ಡೂ ಹೋಯಿತು, ಕೂಲಿಯೂ ಹೋಯಿತು. ಬಿತ್ತುವವರಿಗೆ ಶೇ. 70 ಇದ್ದರೂ ಬರುವುದು ಮೂರು ಮಿ.ಮೀ. ಆದರೆ ಪ್ರಯೋಜನವಿಲ್ಲ. ಸಾಧ್ಯತೆ ಹೇಳಿದಾಗಲೆಲ್ಲ ಪ್ರಮಾಣವನ್ನೂ ಹೇಳಿ. ‘ಒಂದೆರಡು ಕಡೆ’ ಎಂಬ ಮಾತು ಬೇರೆ: ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಕಾಲು ಭಾಗ ಅಥವಾ ಅದಕ್ಕೂ ಕಡಿಮೆ ಕಡೆ ಮಳೆ ಎಂದರ್ಥ. ಅದು ಹರಡುವಿಕೆ, ಸಾಧ್ಯತೆಯಲ್ಲ.

ನಕ್ಷೆ ಒಂದೇ ಸಾಕು: ನಕ್ಷತ್ರಕ್ಕೊಂದು ಕಂಬ, ವಾಡಿಕೆಗೆ ಒಂದು ಗೆರೆ, ಕಂಬಗಳು ಸೊನ್ನೆಯಿಂದಲೇ ಶುರು. ಕೆಂಪು ಹಸಿರನ್ನು ನಂಬಬೇಡಿ. ಜೆರಾಕ್ಸಿನಲ್ಲಿ ಎರಡೂ ಬೂದು.

ಕೊನೆಗೆ ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ಮರ್ಯಾದೆಗೆ ‘ಆಯ್ತು’ ಎನ್ನುತ್ತಾರೆ. ‘ಹಾಗಾದ್ರೆ ಗೊಬ್ಬರ ಯಾವತ್ತು ಹಾಕ್ತೀರಿ ಅಣ್ಣ? ಯಾಕೆ ಆವತ್ತೇ?’ ಎಂದು ಇಬ್ಬರು ಮೂವರನ್ನು ಕೇಳಿ. ಉತ್ತರ ಅಂಕಿಗೆ ಹೊಂದದಿದ್ದರೆ ಎಡವಿದ ಹಂತಕ್ಕೆ ಹಿಂದಿರುಗಿ, ಬೇರೆ ಉದಾಹರಣೆಯಿಂದ ಮತ್ತೆ ಹೇಳಿ.