ಬಲಗಡೆಗೆ ಸರೋವರ: ಫಿಂಗರ್ ಲೇಕ್ಸ್‌ನಲ್ಲಿ ಶರತ್ಕಾಲದ ಕಾರು ಪ್ರಯಾಣ

ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಪ್ರದೇಶಕ್ಕೆ ಅಕ್ಟೋಬರ್ ತಿಂಗಳ ನಡುವಿನಲ್ಲಿ, ಉದುರುವ ಮುನ್ನ ಬಣ್ಣ ತಿರುಗುವ ಎಲೆಗಳನ್ನು ನೋಡಲು ಹೋಗುವಾಗ ನಾನು ಟೋಲ್ ಹೆದ್ದಾರಿಯನ್ನು ಜಿನೀವಾ ಊರಿನ ಬಳಿ ಬಿಟ್ಟು, ಸೆನೆಕಾ ಮತ್ತು ಕಯೂಗಾ ಸರೋವರಗಳ ನಡುವಿನ ನೆಲವನ್ನು ಸಣ್ಣ ರಸ್ತೆಗಳಲ್ಲೇ ಅಪ್ರದಕ್ಷಿಣವಾಗಿ ಸುತ್ತುತ್ತೇನೆ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುವುದರಿಂದ ಹೀಗೆ ಸುತ್ತಿದರೆ ನೀರು ಸದಾ ನಮ್ಮ ಬದಿಗೇ ಇರುತ್ತದೆ; ನಿಲ್ಲಬೇಕೆನಿಸಿದಾಗ ಎದುರು ಬರುವ ವಾಹನಗಳನ್ನು ದಾಟಿ ಹೋಗಬೇಕಾಗಿಲ್ಲ.

ದಿಕ್ಕಿನಷ್ಟೇ ಮುಖ್ಯವಾದದ್ದು ಹೊತ್ತು. ಬೆಳಿಗ್ಗೆ ಜಿನೀವಾದಿಂದ 96ಎ ಸಂಖ್ಯೆಯ ರಸ್ತೆ ಹಿಡಿದು, ಓವಿಡ್ ಬಳಿ 414ಕ್ಕೆ ಸೇರಿ, ಸೆನೆಕಾದ ಪೂರ್ವ ದಂಡೆಯಲ್ಲಿ ದಕ್ಷಿಣಕ್ಕೆ ಇಳಿಯುವಾಗ ಬಿಸಿಲು ಎಡಗಡೆಯಿಂದ ಬಂದು ಆಚೆ ದಡದ ಇಳಿಜಾರನ್ನು ಪೂರ್ತಿಯಾಗಿ ಬೆಳಗುತ್ತದೆ. ಮಧ್ಯಾಹ್ನದ ನಂತರ ಕಯೂಗಾದ ಪಶ್ಚಿಮ ದಂಡೆಯಲ್ಲಿ ಉತ್ತರಕ್ಕೆ ಹೊರಟಾಗಲೂ ಅಷ್ಟೇ. ಇದೇ ಸುತ್ತನ್ನು ತಿರುಗಿಸಿ ಮಾಡಿದರೆ ಎರಡೂ ಹೊತ್ತು ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ, ಎದುರಿನ ಬಣ್ಣವೆಲ್ಲ ಬರಿಯ ನೆರಳಾಗಿಬಿಡುತ್ತದೆ.

ಸೆನೆಕಾದ ಗರಿಷ್ಠ ಆಳ ಸುಮಾರು 188 ಮೀಟರ್. ಇಷ್ಟು ಆಳದ ನೀರು ಬೇಸಿಗೆಯ ಶಾಖವನ್ನು ತಡವಾಗಿ ಬಿಟ್ಟುಕೊಡುವುದರಿಂದ ದಂಡೆಯಲ್ಲಿ ಚಳಿ ನಿಧಾನವಾಗಿ ಕಾಲಿಡುತ್ತದೆ. ದ್ರಾಕ್ಷಿ ತೋಟಗಳು ಆ ಇಳಿಜಾರುಗಳನ್ನೇ ಹಿಡಿದಿರುವುದಕ್ಕೆ ಇದೂ ಒಂದು ಕಾರಣ. ನೋಡುವವರಿಗೆ ಇದರಿಂದ ಆಗುವ ಲಾಭ ದೊಡ್ಡದು. ಗುಡ್ಡದ ನೆತ್ತಿಯ ಮೇಪಲ್ ಮರಗಳು ಎಲೆ ಉದುರಿಸಿ ಬೋಳಾಗಿರುವಾಗ, ನಡುವಿನ ಇಳಿಜಾರು ಕೆಂಪು ಕಿತ್ತಳೆಗಳಲ್ಲಿ ತುಂಬಿರುತ್ತದೆ, ನೀರಂಚಿನ ಮರಗಳಲ್ಲಿ ಇನ್ನೂ ಹಸಿರು ಉಳಿದಿರುತ್ತದೆ. ಆದ್ದರಿಂದ ಬಣ್ಣ ಮುಗಿದುಹೋಯಿತೆಂದು ಯಾರಾದರೂ ಹೇಳಿದರೂ ನಾನು ಪ್ರಯಾಣವನ್ನು ಕೈಬಿಡುವುದಿಲ್ಲ, ದಂಡೆಗೆ ಹತ್ತಿರದ ರಸ್ತೆಯನ್ನು ಆರಿಸಿಕೊಳ್ಳುತ್ತೇನೆ.

ಸೆನೆಕಾದ ದಕ್ಷಿಣ ತುದಿಯ ವಾಟ್ಕಿನ್ಸ್ ಗ್ಲೆನ್‌ನಿಂದ 79ನೇ ರಸ್ತೆ ಹೊಲಗಳ ನಡುವೆ ಕಯೂಗಾದ ದಕ್ಷಿಣ ತುದಿಯ ಇಥಾಕಾಕ್ಕೆ ಒಯ್ಯುತ್ತದೆ. ಅಲ್ಲಿಂದ 89ರಲ್ಲಿ ಉತ್ತರಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ಟಗ್ಯಾನಕ್ ಜಲಪಾತ ಸಿಗುತ್ತದೆ. 215 ಅಡಿ ಎತ್ತರದಿಂದ ಧುಮುಕುವ ಇದು ನಯಾಗರಕ್ಕಿಂತ ಎತ್ತರವಾದದ್ದು. ಹಿಮನದಿಗಳು ಮುಖ್ಯ ಕಣಿವೆಯನ್ನು ಆಳವಾಗಿ ಕೊರೆದಾಗ ಪಕ್ಕದ ತೊರೆಗಳ ಕಣಿವೆಗಳು ಮೇಲೆಯೇ ಉಳಿದವು. ಆದ್ದರಿಂದಲೇ ಇಲ್ಲಿನ ತೊರೆಗಳು ಸರೋವರ ಸೇರುವ ಮುನ್ನ ಹೀಗೆ ಧುಮುಕುತ್ತವೆ. ಜಲಪಾತದ ಬುಡದವರೆಗಿನ ದಾರಿ ಸಮತಟ್ಟಾಗಿದೆ, ಮಕ್ಕಳೂ ಹಿರಿಯರೂ ನಡೆಯಬಹುದು. ಸುತ್ತಲಿನ ಬಂಡೆಗೋಡೆ ತೆಳುವಾದ ಪದರಗಳಲ್ಲಿ ಒಡೆಯುತ್ತಿರುತ್ತದೆ. ಗೋಡೆಯ ಬುಡದಲ್ಲಿ ಹೊಸದಾಗಿ ಬಿದ್ದ ಚಪ್ಪಟೆ ಕಲ್ಲುಗಳ ಅಂಚು ಇನ್ನೂ ಚೂಪಾಗಿರುವುದನ್ನು ನೋಡಿದರೆ, ಬೇಲಿ ದಾಟಬಾರದೆಂಬ ಸೂಚನೆ ಏಕಿದೆಯೆಂದು ತಿಳಿಯುತ್ತದೆ.

ಅಕ್ಟೋಬರ್ ನಡುವಿನಲ್ಲಿ ಸಂಜೆ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಜಿಂಕೆಗಳ ಬೆದೆಯ ಕಾಲವೂ ಹತ್ತಿರವಾಗುತ್ತಿರುವುದರಿಂದ ಮುಸ್ಸಂಜೆಯಲ್ಲಿ ಅವು ಹಠಾತ್ತನೆ ರಸ್ತೆಗೆ ಬರುತ್ತವೆ. ಒಂದು ದಾಟಿತೆಂದು ವೇಗ ಹೆಚ್ಚಿಸುವಂತಿಲ್ಲ, ಹಿಂದೆ ಇನ್ನೊಂದು ಇರುವುದೇ ಹೆಚ್ಚು. ಒದ್ದೆ ಎಲೆಗಳು ಹಾಸಿದ ತಿರುವುಗಳಲ್ಲಿ ಬ್ರೇಕ್ ಹಿಡಿಯುವುದೂ ಕಷ್ಟ. ಆದ್ದರಿಂದ ನಾನು ಬೆಳಕಿರುವಾಗಲೇ ಸೆನೆಕಾ ಫಾಲ್ಸ್ ಊರು ತಲುಪುವಂತೆ ಹೊರಡುತ್ತೇನೆ. ಅಲ್ಲಿಂದ ಜಿನೀವಾಕ್ಕೆ 20ನೇ ಹೆದ್ದಾರಿಯಲ್ಲಿ ಉಳಿಯುವ ದಾರಿ ಹೆಚ್ಚು ದೂರದ್ದಲ್ಲ.