ನಡೆದ ಲೆಕ್ಕ ಬೇರೆ, ಉಂಡ ಲೆಕ್ಕ ಬೇರೆ: ಕ್ಯಾಲೊರಿ ಬರೆದಿಟ್ಟು ತೂಕ ಇಳಿಸಿದ ನನ್ನ ಅನುಭವ

ಕ್ಯಾಲೊರಿ ಲೆಕ್ಕ ಇಡುವ ಆ್ಯಪ್ ಶುರುವಿನಲ್ಲೇ ನಾಲ್ಕೈದು ಪ್ರಶ್ನೆ ಕೇಳುತ್ತದೆ. ವಯಸ್ಸು, ಎತ್ತರ, ತೂಕ ಇದ್ದದ್ದು ಇದ್ದ ಹಾಗೆ ತುಂಬಿಸಿದೆ. ಕೊನೆಗೆ ನಿಮ್ಮ ಚಟುವಟಿಕೆ ಎಷ್ಟು ಎಂದು ಕೇಳಿತು. ವಾರದಲ್ಲಿ ಹೆಚ್ಚಿನ ದಿನ ಬಿರುಸಾಗಿ ನಡೆಯುವ, ನಡುನಡುವೆ ಜಿಮ್‌ನಲ್ಲಿ ಭಾರ ಎತ್ತುವ ನಾನು ಅಲ್ಲಿ ಆರಿಸಿದ್ದು 'ಬಹುತೇಕ ಕುಳಿತೇ ಇರುತ್ತೇನೆ' ಎಂಬುದನ್ನು. ಬೇಕೆಂದೇ ಆರಿಸಿದ್ದು. ಮುಂದಿನ ಲೆಕ್ಕವೆಲ್ಲ ನಿಂತಿರುವುದೇ ಅದರ ಮೇಲೆ, ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾವು ಸುಮ್ನೆ ಮಲಗಿದ್ದರೂ ದೇಹ ಇಂತಿಷ್ಟು ಕ್ಯಾಲೊರಿ ಸುಡುತ್ತದೆ. ಆ್ಯಪ್ ಮೊದಲು ಅದನ್ನು ಅಂದಾಜು ಮಾಡುತ್ತದೆ. ಇದಕ್ಕೆ ತುಂಬ ಬಳಕೆಯಲ್ಲಿರುವುದು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜೋರ್ ಸೂತ್ರ. ಕಷ್ಟದ್ದೇನಲ್ಲ. ಕಿಲೋ ಲೆಕ್ಕದ ತೂಕವನ್ನು 10ರಿಂದ, ಸೆಂಟಿಮೀಟರ್ ಲೆಕ್ಕದ ಎತ್ತರವನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಬೇಕು. ವಯಸ್ಸಿನ ಐದು ಪಟ್ಟು ಕಳೆಯಬೇಕು. ಗಂಡಸರಾದರೆ ಕೊನೆಗೆ 5 ಕೂಡಬೇಕು, ಹೆಂಗಸರಾದರೆ 161 ಕಳೆಯಬೇಕು. ಆಗ ನನ್ನ ತೂಕ 82 ಕಿಲೋ, ಎತ್ತರ 170 ಸೆಂ.ಮೀ., ವಯಸ್ಸು 41. ಸುಮಾರು 1,680 ಬಂತು. ಕುಳಿತು ಕೆಲಸ ಮಾಡುವವರಿಗೆ ಇದನ್ನು 1.2ರಿಂದ ಗುಣಿಸುತ್ತಾರೆ, ಅಂದರೆ 2,020ರ ಹತ್ತಿರ. 'ಮಧ್ಯಮ ಚಟುವಟಿಕೆ'ಗೆ 1.55ರಿಂದ ಗುಣಿಸುವುದು ವಾಡಿಕೆ. ಆಗ 2,600 ಆಗುತ್ತದೆ. ಒಂದು ಗುಂಡಿ ಒತ್ತಿದ್ದಕ್ಕೆ ದಿನಕ್ಕೆ ಸುಮಾರು 600 ಕ್ಯಾಲೊರಿ ವ್ಯತ್ಯಾಸ!

ಅಷ್ಟಕ್ಕೇ ಮುಗಿಯಲಿಲ್ಲ. ಚಟುವಟಿಕೆ ಜಾಸ್ತಿ ಎಂದು ಆರಿಸಿ, ಅದರ ಮೇಲೆ ಸ್ಮಾರ್ಟ್‌ವಾಚನ್ನೂ ಜೋಡಿಸಿದರೆ ಒಂದೇ ನಡಿಗೆ ಎರಡು ಸಲ ಜಮಾ ಆಗಬಹುದು. ಅದಕ್ಕೇ ವ್ಯಾಯಾಮದ ಕ್ಯಾಲೊರಿಯನ್ನು ದಿನದ ಮಿತಿಗೆ ಸೇರಿಸುವ ಆಯ್ಕೆಯನ್ನೂ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದೆ. ತಿಂದದ್ದನ್ನು ಆ್ಯಪ್‌ನಲ್ಲಿ ಬರೆಯುವುದು. ವ್ಯಾಯಾಮ ಮಾಡಿದ ದಿನ ಗೋಡೆಯ ಕ್ಯಾಲೆಂಡರ್ ಮೇಲೆ ಟಿಕ್ ಹಾಕುವುದು. ಎರಡೂ ಒಂದಕ್ಕೊಂದು ತಾಗಕೂಡದು.

ಯಾಕಿಷ್ಟು ಮಡಿ ಅಂತೀರಾ? ವ್ಯಾಯಾಮದ ಸಂಖ್ಯೆಗಳು ಭಾರಿ ಧಾರಾಳಿಗಳು. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ 82 ಕಿಲೋ ತೂಕದವರಿಗೆ ಸುಮಾರು 290 ಕ್ಯಾಲೊರಿ ಎಂದು ಬರುತ್ತದೆ. ಆದರೆ ಆ ಒಂದು ಗಂಟೆ ಕುರ್ಚಿಯಲ್ಲಿ ಕೂತಿದ್ದರೂ 80 ಚಿಲ್ಲರೆ ಖರ್ಚಾಗುತ್ತಿತ್ತು, ಅಲ್ವಾ? ಅದು ಆಗಲೇ 2,020ರೊಳಗೆ ಸೇರಿಹೋಗಿದೆ. ನಡೆದದ್ದರಿಂದ ಹೆಚ್ಚಿಗೆ ಸುಟ್ಟಿದ್ದು 200ರ ಆಸುಪಾಸು ಅಷ್ಟೇ.

ವಾಚ್ ಹೇಳುವ ಲೆಕ್ಕ ಇನ್ನೂ ಅಲ್ಲಾಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಎದೆಬಡಿತವನ್ನು ಬಹುಪಾಲು ಚೆನ್ನಾಗಿಯೇ ಅಳೆದಿದ್ದವು. ಕ್ಯಾಲೊರಿ ವಿಷಯಕ್ಕೆ ಬಂದರೆ ಇದ್ದುದರಲ್ಲಿ ಒಳ್ಳೆಯದೇ ಸರಾಸರಿ ಶೇ 27ರಷ್ಟು ಆಚೀಚೆ, ಎಲ್ಲಕ್ಕಿಂತ ಕೆಟ್ಟದ್ದು ಶೇ 93. ಇದನ್ನು ನಂಬಿ 'ಇವತ್ತು 400 ಸುಟ್ಟಿದ್ದೀನಿ, 400 ತಿನ್ನಬಹುದು' ಅಂತ ತಟ್ಟೆಗೆ ಬಡಿಸಿಕೊಂಡರೆ ಹೇಗೆ? ಸುಟ್ಟದ್ದು ಬರೀ ಅಂದಾಜು, ತಿಂದದ್ದು ಹೊಟ್ಟೆಯೊಳಗೇ ಇರುತ್ತದೆ.

ತಿಂದದ್ದನ್ನು ಬರೆಯುವ ವಿಷಯದಲ್ಲಿ ನನಗೆ ಆ್ಯಪ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಪುಟ್ಟ ಡಿಜಿಟಲ್ ತಕ್ಕಡಿ. ಒಂದೊಂದು ಗ್ರಾಂ ತೋರಿಸಿದರೆ ಸಾಕು. ಕಪ್, ಚಮಚ, 'ಒಂದು ಹಿಡಿ', 'ಒಂದು ಮಧ್ಯಮ ಗಾತ್ರದ್ದು' ಇವೆಲ್ಲ ಕೈಯಿಂದ ಕೈಗೆ ಬದಲಾಗುತ್ತವೆ. ತರಕಾರಿಯಲ್ಲಿ ಹೀಗೆ ತಪ್ಪಿದರೆ ನಷ್ಟ ಇಲ್ಲ, ಐವತ್ತು ಗ್ರಾಂ ಸೌತೆಕಾಯಿ ಹೆಚ್ಚಾದರೆ ಹತ್ತು ಕ್ಯಾಲೊರಿಯೂ ಏರುವುದಿಲ್ಲ. ಕೊಬ್ಬಿನ ಪದಾರ್ಥಗಳಲ್ಲಿ ಹಾಗಲ್ಲ. ಒಂದು ಗ್ರಾಂ ಪ್ರೋಟೀನ್‌ಗೆ 4 ಕ್ಯಾಲೊರಿ, ಕಾರ್ಬೊಹೈಡ್ರೇಟ್‌ಗೂ 4, ಕೊಬ್ಬಿಗೆ 9. ಎಣ್ಣೆ ಅಂದರೆ ಪೂರ್ತಿ ಕೊಬ್ಬೇ. ಒಂದು ದೊಡ್ಡ ಚಮಚ ಅಂದರೆ 14 ಗ್ರಾಂ, ಸುಮಾರು 120 ಕ್ಯಾಲೊರಿ. ಕೈ ಸ್ವಲ್ಪ ಧಾರಾಳವಾದರೆ ಒಂದು ಗಂಟೆಯ ನಡಿಗೆಯಲ್ಲಿ ಗಳಿಸಿದ್ದರ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು.

ಎಣ್ಣೆಯನ್ನು ಚಮಚದಲ್ಲಿ ಅಳೆಯಲು ಹೋಗಬೇಡಿ. ಎಣ್ಣೆ ಬಾಟಲಿಯನ್ನೇ ತಕ್ಕಡಿ ಮೇಲೆ ಇಡಿ. ಟೇರ್ ಬಟನ್ ಒತ್ತಿ, ಸೊನ್ನೆ ಆಗುತ್ತದೆ. ಬಾಟಲಿ ಎತ್ತಿ ಬಾಣಲೆಗೆ ಬೇಕಾದಷ್ಟು ಸುರಿದು ಮತ್ತೆ ಅಲ್ಲೇ ಇಡಿ. ಪರದೆ ಮೇಲೆ ಮೈನಸ್ 11 ಅಂತ ಕಂಡರೆ ಬಾಣಲೆಗೆ ಬಿದ್ದದ್ದು 11 ಗ್ರಾಂ, 99 ಕ್ಯಾಲೊರಿ. ತೊಳೆಯಲು ಇನ್ನೊಂದು ಚಮಚವೂ ಇಲ್ಲ. ಬೆಣ್ಣೆ, ಜೇನುತುಪ್ಪ, ಬಾದಾಮಿ ಡಬ್ಬಿ ಎಲ್ಲಕ್ಕೂ ಇದೇ ಉಪಾಯ. ಬಾದಾಮಿಯಂತೂ 100 ಗ್ರಾಂಗೆ 580ರ ಹತ್ತಿರ. ಡಬ್ಬಿಯಿಂದ ನೇರವಾಗಿ ಬಾಯಿಗೆ ಹಾಕಿಕೊಂಡರೆ ಎಷ್ಟು ತಿಂದೆವು ಅಂತ ಆ ದೇವರಿಗೇ ಗೊತ್ತು.

ಇನ್ನೊಂದು ಕಡೆ ಲೆಕ್ಕ ದೊಡ್ಡದಾಗಿ ಎಡವುತ್ತದೆ: ಹಸಿಯದ್ದಾ, ಬೇಯಿಸಿದ್ದಾ ಅನ್ನುವುದು. 100 ಗ್ರಾಂ ಅಕ್ಕಿಗೆ ಸುಮಾರು 360 ಕ್ಯಾಲೊರಿ. 100 ಗ್ರಾಂ ಅನ್ನಕ್ಕೆ ಸುಮಾರು 130. ಬೇಯುವಾಗ ನೀರು ಸೇರುತ್ತದೆ, ಕ್ಯಾಲೊರಿ ಸೇರುವುದಿಲ್ಲ. ತಟ್ಟೆಯ ಅನ್ನ ತೂಗಿ ಅಕ್ಕಿಯ ಎಂಟ್ರಿ ಒತ್ತಿದರೆ ಸುಮ್ನೆ ಅರ್ಧಹೊಟ್ಟೆ ಇರಬೇಕಾಗುತ್ತದೆ. ನಾನು ಎಲ್ಲವನ್ನೂ ಹಸಿಯಾಗಿಯೇ ತೂಗುತ್ತೇನೆ. ಮನೆಮಂದಿಗೆಲ್ಲ ಒಟ್ಟಿಗೆ ಅಡುಗೆ ಆಗುವುದರಿಂದ ಪಾತ್ರೆಗಳ ಖಾಲಿ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿಬಿಟ್ಟೆ. ಹಾಕಿದ ಸಾಮಾನೆಲ್ಲ ಆ್ಯಪ್‌ನ ರೆಸಿಪಿಗೆ ಸೇರಿಸುವುದು. ಅಡುಗೆ ಆದಮೇಲೆ ಪಾತ್ರೆ ಸಮೇತ ತೂಗಿ ಪಾತ್ರೆಯ ತೂಕ ಕಳೆಯುವುದು. ಉಳಿದದ್ದು 1,400 ಗ್ರಾಂ ಎಂದಿಟ್ಟುಕೊಳ್ಳಿ, ಸರ್ವಿಂಗ್ ಸಂಖ್ಯೆ 14 ಎಂದು ಹಾಕುವುದು. ಆಗ ಒಂದು ಸರ್ವಿಂಗ್ ಅಂದರೆ 100 ಗ್ರಾಂ. ತಟ್ಟೆಯಲ್ಲಿ 230 ಗ್ರಾಂ ಬಿದ್ದರೆ 2.3 ಎಂದು ಬರೆದರಾಯಿತು. ಮನೆಯವರಿಗೆ ಕೆಲವು ದಿನ ಇದೊಂದು ತಮಾಷೆಯಾಗಿತ್ತು, ಆಮೇಲೆ ಅಡುಗೆ ಮಾಡಿದವರೇ ತೂಕ ಕೂಗಿ ಹೇಳತೊಡಗಿದರು.

ಆ್ಯಪ್‌ಗಳ ಡಾಟಾಬೇಸ್‌ನಲ್ಲಿ ಒಂದೇ ಪದಾರ್ಥಕ್ಕೆ ಹತ್ತಾರು ಎಂಟ್ರಿ ಇರುತ್ತವೆ. ಬಳಕೆದಾರರೇ ತುಂಬಿಸಿದವೂ ಅದರಲ್ಲಿ ಇರುತ್ತವೆ, ಕೆಲವು ಅರೆಬರೆ. ಅಮೆರಿಕದ ಕೃಷಿ ಇಲಾಖೆಯ ಫುಡ್‌ಡೇಟಾ ಸೆಂಟ್ರಲ್‌ನಿಂದ ತೆಗೆದುಕೊಂಡದ್ದು ಅಂತ ಗುರುತು ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಇಲ್ಲದಿದ್ದರೆ ಒಂದು ಸಣ್ಣ ತಾಳೆ ನೋಡುತ್ತೇನೆ. ಪ್ರೋಟೀನ್ ಮತ್ತು ಕಾರ್ಬ್ ಗ್ರಾಂಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿದರೆ ಮೇಲೆ ಕೊಟ್ಟ ಕ್ಯಾಲೊರಿಗೆ ಹೆಚ್ಚುಕಡಿಮೆ ಹೊಂದಬೇಕು. ನಾರಿನಂಶದಿಂದ ಸ್ವಲ್ಪ ಆಚೀಚೆ ಆಗುತ್ತದೆ, ಪರವಾಗಿಲ್ಲ. ಕೂಡಿದಾಗ 300 ಬಂದು ಎಂಟ್ರಿಯಲ್ಲಿ 150 ಎಂದಿದ್ದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ದಿನಾ ತಿನ್ನುವುದು ಸುಮಾರು ಮೂವತ್ತು ಪದಾರ್ಥ ಇರಬಹುದು. ಅವನ್ನು ಒಮ್ಮೆ ಸರಿಮಾಡಿ 'ಫೇವರಿಟ್'ಗೆ ಹಾಕಿಕೊಂಡರೆ ಆಮೇಲೆ ಊಟಕ್ಕೆ ಒಂದು ನಿಮಿಷವೂ ಬೇಡ.

ಹೊರಗೆ ತಿಂದಾಗ ತಕ್ಕಡಿ ಹಿಡಿದುಕೊಂಡು ಹೋಗುವವನಲ್ಲ ನಾನು. ಹತ್ತಿರದ ಎಂಟ್ರಿ ಹಾಕಿ, ಮೇಲೆ ಒಂದು ದೊಡ್ಡ ಚಮಚ ಎಣ್ಣೆ ಸೇರಿಸುತ್ತೇನೆ, ಅಷ್ಟೇ.

ಇಷ್ಟೆಲ್ಲ ಮಾಡಿದರೂ ಲೆಕ್ಕ ಪಕ್ಕಾ ಇರುವುದಿಲ್ಲ. 1992ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂದ ಒಂದು ಅಧ್ಯಯನ ಇದೆ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರ ಒಂದು ಚಿಕ್ಕ ಗುಂಪನ್ನು ಅದರಲ್ಲಿ ಅಳೆದು ನೋಡಿದ್ದರು. ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಹೇಳಿದ್ದರು, ಓಡಾಟವನ್ನು ಶೇ 51ರಷ್ಟು ಹೆಚ್ಚು ಹೇಳಿದ್ದರು. ಎರಡು ತಪ್ಪೂ ಒಂದೇ ಕಡೆಗೆ ವಾಲುತ್ತವೆ ನೋಡಿ. ನನ್ನದೂ ಒಂದಿಷ್ಟು ಕಡಿಮೆಯೇ ಬೀಳುತ್ತಿರಬಹುದು. ಅದರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ದಿನಾ ಒಂದೇ ರೀತಿ ತಪ್ಪುತ್ತಿದ್ದರೆ ಸಾಕು, ಸರಿ ಮಾಡಿಕೊಳ್ಳಲು ದಾರಿ ಇದೆ. ಆ ದಾರಿಯೇ ತೂಕದ ಯಂತ್ರ.

ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ತೂಕ ನೋಡಿ ಬರೆಯುತ್ತೇನೆ. ಒಂದು ದಿನದ ಸಂಖ್ಯೆಗೆ ಬೆಲೆ ಇಲ್ಲ. ಹಿಂದಿನ ರಾತ್ರಿ ಉಪ್ಪು ಜಾಸ್ತಿ ತಿಂದಿದ್ದರೆ ನೀರು ನಿಲ್ಲುತ್ತದೆ. ದೇಹ ಗ್ಲೈಕೊಜನ್ ರೂಪದಲ್ಲಿ ಕೂಡಿಡುವ ಪ್ರತಿ ಗ್ರಾಂ ಸಕ್ಕರೆ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಭಾರ ಎತ್ತಿ ಸ್ನಾಯು ನೋಯುತ್ತಿರುವಾಗಲೂ ನೀರು ಸೇರುತ್ತದೆ. ಹೀಗೆ ರಾತ್ರಿ ಬೆಳಗಾಗುವುದರೊಳಗೆ ಒಂದು ಕಿಲೋ ಏರಿದ ಹಾಗೆ ಕಾಣುವುದು ಮಾಮೂಲಿ. ಶುರುವಿನ ವಾರದಲ್ಲಿ ಸರ್ರನೆ ಇಳಿಯುವುದರಲ್ಲೂ ಬಹುಪಾಲು ನೀರೇ. ನಾನು ನೋಡುವುದು ಏಳು ದಿನದ ಸರಾಸರಿಯನ್ನು ಮಾತ್ರ. ಈ ವಾರದ ಸರಾಸರಿ, ಹೋದ ವಾರದ ಸರಾಸರಿ, ಎರಡರ ವ್ಯತ್ಯಾಸ. ಹೆಂಗಸರಿಗೆ ಮುಟ್ಟಿನ ಚಕ್ರದ ಜೊತೆ ನೀರು ಏರಿಳಿಯುವುದರಿಂದ ತಿಂಗಳಿಂದ ತಿಂಗಳಿಗೆ ಹೋಲಿಸುವುದು ಒಳ್ಳೆಯದು.

ಶುರುವಿನ ವಾರಗಳನ್ನು ಬಿಟ್ಟು ಒಂದು ತಿಂಗಳ ಲೆಕ್ಕ ಕೂಡಿಬಂದ ಮೇಲೆ ಕೂತು ಕೂಡಿಸಿ ಕಳೆದೆ. ಆ್ಯಪ್‌ನಲ್ಲಿ ಬರೆದದ್ದರ ಸರಾಸರಿ ದಿನಕ್ಕೆ 1,650. ತೂಕದ ಸರಾಸರಿ ವಾರಕ್ಕೆ 0.4 ಕಿಲೋದಂತೆ ಇಳಿದಿತ್ತು. ಒಂದು ಕಿಲೋ ಇಳಿಯಲು ಸುಮಾರು 7,700 ಕ್ಯಾಲೊರಿ ಕೊರತೆ ಬೇಕು ಎಂಬ ಹಳೆಯ ಲೆಕ್ಕ ಇದೆ. ವರ್ಷಗಟ್ಟಲೆಗೆ ಅದು ಸರಿಹೋಗದು, ಒಂದೆರಡು ತಿಂಗಳಿಗೆ ಅಡ್ಡಿಯಿಲ್ಲ. 0.4ನ್ನು 7,700ರಿಂದ ಗುಣಿಸಿ ಏಳರಿಂದ ಭಾಗಿಸಿದರೆ ದಿನಕ್ಕೆ 440. ಇದನ್ನು 1,650ಕ್ಕೆ ಸೇರಿಸಿದರೆ 2,090. ನಾನು ಬರೆದಿಟ್ಟ ಲೆಕ್ಕದ ಪ್ರಕಾರ ನನ್ನ ದಿನದ ಖರ್ಚು ಅದು. ನಡಿಗೆ, ಜಿಮ್, ತೂಗದೆ ಬಿಟ್ಟ ತುಣುಕುಗಳು, ಹೋಟೆಲಿನ ಅಂದಾಜು, ಎಲ್ಲವೂ ಅದರೊಳಗೇ ಇವೆ. ವಾಚ್ ಹೇಳಿದ್ದನ್ನು ನಂಬಿ ದಿನಾ 300 ಹೆಚ್ಚಿಗೆ ತಿಂದಿದ್ದರೆ? ಕೊರತೆ 140ಕ್ಕೆ ಇಳಿಯುತ್ತಿತ್ತು, ವಾರಕ್ಕೆ 130 ಗ್ರಾಂ. ನೀರಿನ ಏರಿಳಿತದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ವ್ಯಾಯಾಮ ಮಾಡಿಯೂ ತೂಕ ಇಳಿಯುತ್ತಿಲ್ಲ ಎಂದು ಬಿಟ್ಟುಬಿಡುವವರಲ್ಲಿ ಎಷ್ಟೋ ಮಂದಿ ಎಡವುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಹಾಗಾದರೆ ವ್ಯಾಯಾಮ ಯಾಕೆ ಬೇಕು? ಕ್ಯಾಲೊರಿ ಸುಡಲು ಅಂತ ನಾನು ಮಾಡಲೇ ಇಲ್ಲ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಭಾರ ಎತ್ತುತ್ತಿದ್ದರೆ, ಪ್ರೋಟೀನ್ ಸಾಕಷ್ಟು ಸಿಗುತ್ತಿದ್ದರೆ ಹಾಗೆ ಸ್ನಾಯು ಕರಗುವುದು ಕಡಿಮೆಯಾಗುತ್ತದೆ. ಭಾರ ಎತ್ತುವವರಿಗೆ ಕಿಲೋ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಸಾಕು ಎಂಬ ಮಾತು ಚೆನ್ನಾಗಿ ಚಾಲ್ತಿಯಲ್ಲಿದೆ. ನಾನು ತಲುಪಬೇಕಿದ್ದ 72 ಕಿಲೋ ಲೆಕ್ಕದಲ್ಲಿ ದಿನಕ್ಕೆ 115 ಗ್ರಾಂ ಇಟ್ಟುಕೊಂಡೆ. ಇದರಿಂದ ಹಸಿವೂ ಹತೋಟಿಗೆ ಬಂತು. ಆ್ಯಪ್‌ನಲ್ಲಿ ನಾನು ದಿನಾ ನೋಡುತ್ತಿದ್ದದ್ದು ಎರಡೇ ಸಾಲು: ಒಟ್ಟು ಕ್ಯಾಲೊರಿ, ಪ್ರೋಟೀನ್. ಉಳಿದ ಬಣ್ಣಬಣ್ಣದ ಚಾರ್ಟುಗಳಿಗೆ ಕೈ ಹಾಕಲಿಲ್ಲ. ಜಿಮ್ ದಿನ ತುಂಬ ಹಸಿವಾದರೆ ಒಂದು ಬಾಳೆಹಣ್ಣು ಹೆಚ್ಚಿಗೆ ತಿಂದು ಮರುದಿನ ಅಷ್ಟು ಕಡಿಮೆ ಮಾಡುತ್ತಿದ್ದೆ. ವಾರದ ಸರಾಸರಿ ಕೆಡದಿದ್ದರೆ ಆಯಿತು.

ಈ ಕೆಲಸ ಎಲ್ಲರಿಗೂ ಹೇಳಿಸಿದ್ದಲ್ಲ. ಊಟದ ಬಗ್ಗೆ ಅತಿಯಾಗಿ ಕೊರಗುವವರು, ಹಿಂದೆ ತಿನ್ನುವ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ಸಂಖ್ಯೆಗಳ ಸಹವಾಸಕ್ಕೆ ಹೋಗದಿರುವುದೇ ವಾಸಿ. ಬಸುರಿಯರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಬೇಕು.

ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ. ಇದು ಸೂತ್ರದಲ್ಲೇ ಇದೆ: 11 ಕಿಲೋ ಕಮ್ಮಿ ಆದರೆ 110, ಅದನ್ನು 1.2ರಿಂದ ಗುಣಿಸಿದರೆ ದಿನಕ್ಕೆ 132 ಕ್ಯಾಲೊರಿ ಕಡಿಮೆ. ಅದರ ಮೇಲೆ ಕಡಿಮೆ ತಿನ್ನುವ ದೇಹ ತನಗೆ ಗೊತ್ತಿಲ್ಲದೆ ಓಡಾಟವನ್ನೂ ಉಳಿತಾಯ ಮಾಡುತ್ತದೆ. ಹಾಗಾಗಿ ಇಳಿಕೆ ನಿಧಾನವಾದಾಗಲೆಲ್ಲ ಗಾಬರಿಯಾಗದೆ ಮೇಲಿನ ಲೆಕ್ಕವನ್ನೇ ಹೊಸದಾಗಿ ಹಾಕಿ ಮಿತಿಯನ್ನು ನೂರು ಕ್ಯಾಲೊರಿ ಇಳಿಸುತ್ತಿದ್ದೆ. ಎರಡು ಸಲ ಇಳಿಸಿದ ಮೇಲೆ ಇನ್ನು ಇಳಿಸಲು ಮನಸ್ಸಾಗದೆ ಸಂಜೆಯ ನಡಿಗೆಯನ್ನು ಸ್ವಲ್ಪ ಉದ್ದ ಮಾಡಿದೆ.

ಈಗ ತೂಕ 71ರ ಆಚೀಚೆ ಇದೆ. ದಿನಾ ಬರೆಯುವುದನ್ನು ನಿಲ್ಲಿಸಿದ್ದೇನೆ, ಬೆಳಗಿನ ತೂಕ ಮಾತ್ರ ಬಿಟ್ಟಿಲ್ಲ. ವಾರದ ಸರಾಸರಿ 72.5 ದಾಟಿದರೆ ಆ್ಯಪ್ ತೆರೆದು ಎರಡು ವಾರ ಬರೆಯುತ್ತೇನೆ. ಪ್ರತಿ ಸಲವೂ ಕಳ್ಳ ಸಿಕ್ಕಿಬೀಳುವುದು ಬಾದಾಮಿ ಡಬ್ಬಿಯ ಹತ್ತಿರವೇ.